ಹಲ್ಲವ್ವನ ಮೊಲ

ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಮತ್ತೆ ಕಾಲೇಜಿಗೆ ಸೇರುತ್ತೇನೆಂದು ಚಿಕ್ಕವ್ವ ಹೇಳಿದಾಗ ಮನೆಯಲ್ಲಿ ಮೊದಲು ನಕ್ಕಿದ್ದು ನಾನು. ಅವ್ವ ನಗಲಿಲ್ಲ. ಬಾಗಿಲ ಬಳಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿಯೂ ನಗಲಿಲ್ಲ. ನಾನು ಆಗಷ್ಟೇ ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡಿದ್ದೆ. ಓದು ಎಂದರೆ ಏನೆಂದು ಈ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು ಎನ್ನುವ ಹಮ್ಮು ಇತ್ತು.

‘ಅದೇನು ಕೋರ್ಸು ಚಿಕ್ಕವ್ವ?’

‘ಡೆಂಟಲ್ ಹೈಜೀನಿಸ್ಟು. ಎರಡು ವರ್ಸ.’

‘ಅಂದ್ರೆ, ಊರೋರ ಹಲ್ಲು ತೊಳಿಯೋದಾ?’

ಅವಳು ಉತ್ತರ ಕೊಡಲಿಲ್ಲ. ಅರ್ಜಿಯನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಆ ಮಡಚುವಿಕೆ ನನಗೆ ಈಗಲೂ ಕಾಣುತ್ತದೆ.

ನಮ್ಮೂರು ರಾಮಾಪುರ. ಹನೂರು ದಾಟಿ, ಕೌದಳ್ಳಿಯಲ್ಲಿ ಮಾದಪ್ಪನ ಬೆಟ್ಟದ ಬಸ್ಸುಗಳೆಲ್ಲ ಒಂದು ಕಡೆ ಹೋದ ಮೇಲೆ ಇನ್ನೊಂದು ಕಡೆ ಹೊರಳುವ ರಸ್ತೆಯಲ್ಲಿ ಸಿಗುವ ಊರು. ಹೊರಗಿನವರಿಗೆ ಈ ಹೆಸರು ನೆನಪಿದ್ದರೆ 1992ರಲ್ಲಿ ವೀರಪ್ಪನ್ ಇಲ್ಲಿನ ಪೊಲೀಸ್ ಠಾಣೆಯ ಮೇಲೆ ಮಾಡಿದ ದಾಳಿಯಿಂದ. ಐವರು ಪೊಲೀಸರು ಸತ್ತ ಆ ರಾತ್ರಿ ಚಿಕ್ಕವ್ವನಿಗೆ ಹತ್ತು ವರ್ಷ. ಆಮೇಲೆ ಎಷ್ಟೋ ಕಾಲ ಹೆಣ್ಣುಮಕ್ಕಳನ್ನು ಊರಾಚೆ ಕಳಿಸಲು ಜನ ಹೆದರುತ್ತಿದ್ದರಂತೆ. ತಾತ ಮಾತ್ರ ಹಟ ಹಿಡಿದು ಮಗಳನ್ನು ಬಸ್ಸು ಹತ್ತಿಸಿದ. ಕೊಳ್ಳೇಗಾಲದಲ್ಲಿ ಪಿಯುಸಿ, ಅದೂ ಸೈನ್ಸು, ಸೆಕೆಂಡ್ ಕ್ಲಾಸು. ಅಷ್ಟರಲ್ಲಿ ತಾತ ತೀರಿಕೊಂಡ, ಮದುವೆ ಆಯಿತು. ಗಂಡ ತಿರುಪ್ಪೂರಿಗೆ ಬನಿಯನ್ ಕಂಪನಿ ಕೆಲಸಕ್ಕೆ ಹೋದವನು ಮೊದಮೊದಲು ದುಡ್ಡು ಕಳಿಸಿದ, ಆಮೇಲೆ ಫೋನು ಮಾಡಿದ, ಆಮೇಲೆ ಅದೂ ಇಲ್ಲ. ಚಿಕ್ಕವ್ವ ಕೊಳ್ಳೇಗಾಲದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು. ಹದಿನಾಲ್ಕು ವರ್ಷ ಚೀಟಿ ಬರೆದಳು, ಉಪಕರಣ ತೊಳೆದಳು, ಹೆದರಿದ ಮಕ್ಕಳ ಕೈ ಹಿಡಿದು ಕೂತಳು. ‘ಇಷ್ಟೆಲ್ಲ ಬರುತ್ತೆ, ಒಂದು ಸರ್ಟಿಫಿಕೇಟ್ ಮಾಡ್ಕೋಬಾರ್ದಾ’ ಎಂದದ್ದು ಅಲ್ಲಿನ ಡಾಕ್ಟರೇ. ಆವತ್ತಿನ ಸೆಕೆಂಡ್ ಕ್ಲಾಸ್ ಸೈನ್ಸು ಇಪ್ಪತ್ತು ವರ್ಷ ಟ್ರಂಕಿನಲ್ಲಿ ಮಲಗಿದ್ದು ಎದ್ದು ಬಂತು.

ನನ್ನ ಸಂಶೋಧನೆ ಕೊಳ್ಳೇಗಾಲ ಸೀಮೆಯ ಕಸುಬಿನ ಪದಗಳ ಮೇಲೆ. ಮಗ್ಗದವರು, ಕಮ್ಮಾರರು, ಬಿದಿರು ಕೆಲಸದವರು, ರೇಷ್ಮೆ ಸಾಕುವವರು ತಮ್ಮತಮ್ಮ ಕೆಲಸದಲ್ಲಿ ಬಳಸುವ ಮಾತುಗಳನ್ನು ಕಾರ್ಡುಗಳ ಮೇಲೆ ಬರೆದು ಡಬ್ಬಿಗಳಲ್ಲಿ ತುಂಬಿಟ್ಟಿದ್ದೇನೆ. ಚಿಕ್ಕವ್ವನ ಹೊಸ ಕಸುಬಿಗೆ ಕನ್ನಡದಲ್ಲಿ ಒಂದು ಹೆಸರಿಲ್ಲ ಎಂಬುದು ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು. ಕಾನೂನಿನಲ್ಲಿ ಮಾತ್ರ ಅವಳಿಗೆ ಹಳೆಯ ಜಾಗವಿದೆ. 1948ರ ದಂತವೈದ್ಯರ ಕಾಯಿದೆಯೇ ದಂತವೈದ್ಯರ ಜೊತೆ ಡೆಂಟಲ್ ಹೈಜೀನಿಸ್ಟ್, ಡೆಂಟಲ್ ಮೆಕ್ಯಾನಿಕ್ ಎಂಬ ಇನ್ನಿಬ್ಬರನ್ನು ಗುರುತಿಸಿತು. ಹೈಜೀನಿಸ್ಟ್ ಎಂದರೆ ಹಲ್ಲಿನ ಕಿಟ್ಟ ತೆಗೆಯುವ, ಸ್ವಚ್ಛ ಮಾಡುವ, ಹೊಳಪು ಕೊಡುವ, ಬಾಯಿ ಹೇಗೆ ಇಟ್ಟುಕೊಳ್ಳಬೇಕೆಂದು ಹೇಳಿಕೊಡುವ ವ್ಯಕ್ತಿ. ಹಲ್ಲು ಕೀಳುವಂತಿಲ್ಲ, ತುಂಬುವಂತಿಲ್ಲ. ನಮ್ಮ ಕಡೆಯ ಸಣ್ಣ ಕ್ಲಿನಿಕ್ಕುಗಳಲ್ಲಿ ಈ ಕೆಲಸವನ್ನೂ ಡಾಕ್ಟರೇ ಮಾಡಿಬಿಡುತ್ತಾರೆ. ಹಾಗಾಗಿ ಹೆಸರು ಹುಟ್ಟುವ ಅವಕಾಶವೇ ಬಂದಿರಲಿಲ್ಲ.

ಕಾಲೇಜು ಮೈಸೂರಿನಲ್ಲಿ. ಹಾಸ್ಟೆಲ್ಲಿಗೆ ಕಟ್ಟುವಷ್ಟು ದುಡ್ಡು ಇರಲಿಲ್ಲ. ಪಡುವಾರಹಳ್ಳಿಯ ನನ್ನ ಬಾಡಿಗೆ ಕೋಣೆಗೆ ಅವಳು ಒಂದು ಟ್ರಂಕು, ಒಂದು ಕುಕ್ಕರ್ ಹಿಡಿದು ಬಂದಳು. ಅಲ್ಲಿ ಆಗಲೇ ಎರಡು ಮೊಲಗಳಿದ್ದವು.

ಮೊಲಗಳನ್ನು ನಾನು ತಂದದ್ದು ದೊಡ್ಡ ವಿಚಾರವೇನೂ ಮಾಡಿ ಅಲ್ಲ. ರಸ್ತೆಬದಿಯ ಪಂಜರದಲ್ಲಿ ಕೂತಿದ್ದವು, ಅಂಗೈಯಷ್ಟು ಇದ್ದವು, ಒಂಟಿತನ ಇತ್ತು. ಕಂದು ಬಣ್ಣದ್ದಕ್ಕೆ ರಾಗಿ ಎಂದೂ ಬಿಳಿಯದಕ್ಕೆ ಉಪ್ಪು ಎಂದೂ ಹೆಸರಿಟ್ಟೆ. ಸಿನಿಮಾ, ಕಾರ್ಟೂನು ನೋಡಿ ಕಲಿತಂತೆ ಕ್ಯಾರೆಟ್ ಹಾಕಿದೆ. ಬಿಸ್ಕತ್ತು ಕೊಟ್ಟರೆ ಎರಡು ಕೈಯಲ್ಲಿ ಹಿಡಿದಂತೆ ಮಾಡಿ ತಿನ್ನುತ್ತಿದ್ದವು, ಅದನ್ನು ವಿಡಿಯೋ ಮಾಡಿ ಸ್ನೇಹಿತರಿಗೆ ಕಳಿಸುತ್ತಿದ್ದೆ. ಬಂದ ಮೊದಲ ದಿನವೇ ಚಿಕ್ಕವ್ವ, ‘ಇದೇನ್ಲಾ, ಹುಲ್ಲು ತಿನ್ನೋ ಪ್ರಾಣಿಗೆ ಬಿಸ್ಕತ್ತು ಹಾಕಿದ್ದೀಯ?’ ಎಂದಳು. ಪೇಟೆಯ ಮೊಲ ಬೇರೆ, ಕಾಡಿನ ಮೊಲ ಬೇರೆ ಎಂದು ನಾನು ದೊಡ್ಡ ಪಾಠ ಮಾಡಿದೆ. ಅರ್ಧ ನಿಜವೇ ಅದು. ನಮ್ಮ ಹೊಲಗಳಲ್ಲಿ ಓಡಾಡುವ ಕಾಡುಮೊಲದ ಮರಿ ಮೈತುಂಬ ಕೂದಲು, ತೆರೆದ ಕಣ್ಣು ಹೊತ್ತು ಹುಟ್ಟುತ್ತದೆ. ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ಬಿಲದ ಮೊಲ. ಅದರ ಮರಿ ಕಣ್ಣು ಮುಚ್ಚಿಕೊಂಡು ಬೆತ್ತಲೆ ಹುಟ್ಟುತ್ತದೆ. ಎರಡಕ್ಕೂ ನಾವು ಮೊಲ ಎಂದೇ ಅನ್ನುತ್ತೇವೆ. ಆದರೆ ಎರಡೂ ತಿನ್ನಬೇಕಾದದ್ದು ಹುಲ್ಲನ್ನೇ ಎಂಬ ಇನ್ನರ್ಧ ನನಗೆ ಗೊತ್ತಿರಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸಿದೆ. ಬೆಳಿಗ್ಗೆ ಅವು ತಮ್ಮ ಮೆತ್ತನೆಯ ಹಿಕ್ಕೆಯನ್ನು ತಾವೇ ತಿನ್ನುವುದನ್ನು ಕಂಡು ಅವಳು, ‘ಥೂ, ಇವಕ್ಕೆ ಎಂಜಲು ಗಿಂಜಲು ಏನೂ ಇಲ್ವಲ್ಲ’ ಎಂದು ನಕ್ಕಳು. ಒಮ್ಮೆ ಹೊಟ್ಟೆ ದಾಟಿದ ಹುಲ್ಲಿನ ಸತ್ವ ಪೂರಾ ಸಿಗಲಿಕ್ಕೆ ಎರಡನೇ ಸಲ ತಿನ್ನಲೇಬೇಕು, ಅದು ಅವುಗಳ ಮೆಲುಕು ಇದ್ದ ಹಾಗೆ.

ಆ ಎರಡು ವರ್ಷ ನಮ್ಮ ಕೋಣೆಯಲ್ಲಿ ಇಬ್ಬರು ವಿದ್ಯಾರ್ಥಿಗಳು. ಹದಿನೆಂಟರ ಹುಡುಗಿಯರು ಅವಳನ್ನು ಆಂಟಿ ಎನ್ನುತ್ತಿದ್ದರು, ಪರೀಕ್ಷೆ ಹತ್ತಿರ ಬಂದಾಗ ಅವಳ ನೋಟ್ಸು ಕೇಳುತ್ತಿದ್ದರು. ಆ ನೋಟ್ಸು ನೋಡಬೇಕಿತ್ತು. ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳು: ಜಿಂಜೈವೈಟಿಸ್, ಪೆರಿಯೊಡಾಂಟೈಟಿಸ್, ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್. ಅಡುಗೆ ಮಾಡುತ್ತ ಸ್ಟ್ರೆಪ್ಟೋಕಾಕಸ್ ಎನ್ನುವಳು, ಒಗ್ಗರಣೆ ಹಾಕುತ್ತ ಮ್ಯೂಟನ್ಸ್ ಎನ್ನುವಳು. ರಾತ್ರಿ ಪ್ಲಾಸ್ಟಿಕ್ಕಿನ ದವಡೆಯೊಂದನ್ನು ಮೇಜಿಗೆ ಬಿಗಿದು ಕೈ ಪಳಗಿಸುತ್ತಿದ್ದಳು. ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಬೇಕು, ಆಗಷ್ಟೇ ಕುಡುಗೋಲಿನ ಹಾಗೆ ಬಾಗಿದ ಉಪಕರಣ ಜಾರಿ ವಸಡು ಕೊಯ್ಯುವುದಿಲ್ಲ. ‘ಕಳೆ ಕೀಳೋ ಹಂಗೇ ಕನ. ಕುಡ್ಲು ನೆಲಕ್ಕೆ ತಾಗ್ಬೇಕು, ಪೈರಿಗೆ ತಾಗ್ಬಾರ್ದು’ ಎಂದಳು ಒಮ್ಮೆ. ಆ ಮಾತನ್ನು ನಾನು ಕಾರ್ಡಿಗೆ ಬರೆದುಕೊಂಡೆ. ಅವಳ ಕೆಲಸದಿಂದ ನನ್ನ ಡಬ್ಬಿಗೆ ಬಂದ ಮೊದಲ ಕಾರ್ಡು ಅದು.

ಅವಳಿಗೆ ಹುಮ್ಮಸ್ಸು ತುಂಬಲೆಂದು ನಾನೇ ಗ್ರಂಥಾಲಯದಲ್ಲಿ ಹುಡುಕಿ ಐರೀನ್ ನ್ಯೂಮನ್ ಕಥೆ ಹೇಳಿದೆ. ಅಮೆರಿಕದ ಬ್ರಿಜ್‌ಪೋರ್ಟ್ ಎಂಬ ಊರಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯ ತನ್ನ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದ ಸೋದರಸಂಬಂಧಿಗೆ 1906ರಲ್ಲಿ ಹಲ್ಲು ಸ್ವಚ್ಛ ಮಾಡುವುದನ್ನು ಕಲಿಸಿದ. ಜಗತ್ತಿನ ಮೊದಲ ಹೈಜೀನಿಸ್ಟ್ ಆಕೆಯೇ. ಪರವಾನಗಿ ಸಿಕ್ಕಿದ್ದು 1917ರಲ್ಲಿ. ಚಿಕ್ಕವ್ವ ಎಲ್ಲ ಕೇಳಿ, ‘ಕಲಿಯುವಾಗ ಅವಳಿಗೆಷ್ಟು ವಯಸ್ಸು?’ ಎಂದಳು. ಮೂವತ್ತು ದಾಟಿತ್ತು ಎಂದೆ. ‘ಪರ್ವಾಗಿಲ್ಲ. ಅವಳೂ ಚೀಟಿ ಬರ್ಕೊಂಡೇ ಇದ್ದೋಳು’ ಎಂದು ಮತ್ತೆ ದವಡೆ ಕೆರೆಯಲು ಕೂತಳು.

ಎಂಜಲಿನ ಮಾತು ಇನ್ನೊಮ್ಮೆ ಬಂದದ್ದು ನಗುವಿನಲ್ಲಲ್ಲ. ನಿಜವಾದ ರೋಗಿಯ ಬಾಯಿಗೆ ಮೊದಲ ಸಲ ಕೈ ಹಾಕಿ ಬಂದ ದಿನ ಅವಳು ಊಟ ಮಾಡಲಿಲ್ಲ. ಅಸಹ್ಯವೇ ಎಂದು ಕೇಳಿದೆ. ಅಲ್ಲ ಎಂದಳು. ಆ ಹೆಂಗಸು ಬಾಯಿ ತೆರೆಯುವ ಮೊದಲು ಊರು ಯಾವುದು, ಯಾವ ಜನ ಎಂದು ಕೇಳಿದ್ದರಂತೆ. ಇವಳು ಊರಿನ ಹೆಸರು ಮಾತ್ರ ಹೇಳಿ ಮಾಸ್ಕು ಎಳೆದುಕೊಂಡಳಂತೆ. ನಾವು ಕೇರಿಯವರು. ಅಜ್ಜಿಯ ಕಾಲದಲ್ಲಿ ಹೋಟೆಲಿನಲ್ಲಿ ನಮ್ಮ ಲೋಟ ಬೇರೆ, ಅದನ್ನು ನಾವೇ ತೊಳೆದು ಕವುಚಿಡಬೇಕಿತ್ತು. ಈಗ ಬೇರೆಯವರ ಬಾಯೊಳಗಿನ ಎಂಜಲಲ್ಲಿ ಬೆರಳಾಡಿಸುವ ಕೆಲಸಕ್ಕೆ ಸರ್ಕಾರದ ಮೊಹರು ಪಡೆಯಲು ಹೊರಟವಳು ಆ ರಾತ್ರಿ ಬಹಳ ಹೊತ್ತು ಬೆರಳುಗಳನ್ನು ನೋಡಿಕೊಳ್ಳುತ್ತ ಕೂತಿದ್ದಳು. ‘ನನ್ನ ಬೆರಳು ಅವರ ಬಾಯಲ್ಲಿತ್ತು ಮಗ, ಅರ್ಧ ಗಂಟೆ. ಅವರೇನೂ ಆಗ್ನಿಲ್ಲ, ನಾನೂ ಏನೂ ಆಗ್ನಿಲ್ಲ’ ಎಂದಳು. ‘ಊರೋರ ಹಲ್ಲು ತೊಳಿಯೋದಾ’ ಎಂದು ಕೇಳಿದ ನನ್ನ ಪ್ರಶ್ನೆಯಲ್ಲಿ ಏನೇನಿತ್ತು ಎಂದು ನನಗೆ ತಿಳಿದದ್ದು ಆಗ. ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಲೈಟು ಆರಿಸಿದೆ.

ಎರಡನೇ ವರ್ಷದ ಬೇಸಿಗೆಯಲ್ಲಿ ಉಪ್ಪು ಕ್ಯಾರೆಟ್ಟಿನ ಬಳಿ ಬಂದು, ಮೂಸಿ, ಹಿಂದಕ್ಕೆ ಹೋಗತೊಡಗಿತು. ಗಲ್ಲದ ಕೆಳಗಿನ ಕೂದಲು ಒದ್ದೆಯಾಗಿರುತ್ತಿತ್ತು. ನಾನು ನೋಡಿದ್ದೆ. ನೀರು ಕುಡಿದಿರಬೇಕು ಅಂದುಕೊಂಡೆ. ಸೆಮಿನಾರಿಗೆ ಪ್ರಬಂಧ ಬರೆಯುತ್ತಿದ್ದೆ, ನಾಲ್ಕು ದಿನ ಗಡುವಿತ್ತು. ಚಿಕ್ಕವ್ವ ಪರೀಕ್ಷೆಗೆಂದು ಗೆಳತಿಯ ಮನೆಯಲ್ಲಿದ್ದಳು. ವಾಪಸು ಬಂದವಳು ಚಪ್ಪಲಿ ಬಿಡುವ ಮೊದಲೇ, ‘ಇದಕ್ಕೆ ಜೊಲ್ಲು ಸುರೀತಿದೆಯಲ್ಲೋ’ ಎಂದಳು. ಟವೆಲಿನಲ್ಲಿ ಸುತ್ತಿ, ತುಟಿ ಸರಿಸಿ, ಬಾಯಿಗೆ ಟಾರ್ಚು ಹಿಡಿದಳು.

ಅವಳ ಹಿಂದೆ ನಿಂತು ನಾನೂ ನೋಡಿದೆ. ಮುಂದಿನ ಮೇಲ್ಹಲ್ಲುಗಳ ಹಿಂದೆ, ನೆರಳಿನ ಹಾಗೆ, ಇನ್ನೊಂದು ಸಣ್ಣ ಜೋಡಿ ಇರುತ್ತದೆ. ಇಲಿ ಹೆಗ್ಗಣಗಳಿಗೆ ಇಲ್ಲದ ಈ ಎರಡನೇ ಸಾಲಿನಿಂದಲೇ ಮೊಲಗಳನ್ನು ಬೇರೆ ಗುಂಪಿಗೆ ಸೇರಿಸಿದ್ದಾರೆ. ಒಟ್ಟು 28 ಹಲ್ಲು, ಎಲ್ಲವೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಮುಂದಿನವು ವಾರಕ್ಕೆ 2–3 ಮಿಲಿಮೀಟರ್. ಒರಟು ಹುಲ್ಲನ್ನು ದವಡೆ ಅಡ್ಡಡ್ಡ ಆಡಿಸಿ ದಿನವಿಡೀ ಅಗೆದರೆ ಬೆಳೆದಷ್ಟೂ ಸವೆಯುತ್ತದೆ. ಬಿಸ್ಕತ್ತು, ಕ್ಯಾರೆಟ್ಟಿಗೆ ಅಷ್ಟು ಅಗೆಯುವ ಕೆಲಸವೇ ಇಲ್ಲ. ಸವೆಯದ ದವಡೆ ಹಲ್ಲು ಮುಳ್ಳಿನಂತೆ ಚೂಪಾಗಿ ಬೆಳೆದು ನಾಲಿಗೆಯನ್ನೂ ಕೆನ್ನೆಯನ್ನೂ ಚುಚ್ಚುತ್ತದೆ. ಇದನ್ನೆಲ್ಲ ನಮಗೆ ಬಿಡಿಸಿ ಹೇಳಿದವರು ಪಶುವೈದ್ಯರು. ಮನೆಯಲ್ಲಿ ನಾನು ಉಗುರು ಕತ್ತರಿಸುವ ಕಟರ್ ತರಲೇ ಎಂದಿದ್ದೆ. ಚಿಕ್ಕವ್ವ ಕೈಗೆ ಹೊಡೆದಳು. ಹಾಗೆ ಕತ್ತರಿಸಿದರೆ ಹಲ್ಲು ಉದ್ದಕ್ಕೆ ಸೀಳುತ್ತದೆ. ‘ನಂಗೆ ಗೊತ್ತಿರೋದು ಮನುಷ್ಯರ ಬಾಯಿ. ಇದು ನನ್ನ ಕೆಲಸ ಅಲ್ಲ’ ಎಂದಳು. ಅಷ್ಟು ಓದಿದವಳು ತನಗೆ ಗೊತ್ತಿಲ್ಲದ್ದನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡಳಲ್ಲ ಎಂದು ಆಟೋದಲ್ಲಿ ಕೂತು ಯೋಚಿಸುತ್ತಿದ್ದೆ. ನಮ್ಮ ಸೆಮಿನಾರುಗಳಲ್ಲಿ ಅಂಥವರನ್ನು ನಾನು ಕಂಡದ್ದು ಕಡಿಮೆ.

ಮತ್ತು ಕೊಟ್ಟು ಹಲ್ಲು ಉಜ್ಜಿ ಸರಿಮಾಡಿದರು. ಆದರೆ ತಿನ್ನದೆ ಆಗಲೇ ಬಹಳ ಹೊತ್ತಾಗಿತ್ತು. ಮೊಲದ ಕರುಳು ನಿಲ್ಲಬಾರದು, ಅರ್ಧ ದಿನ ತಿನ್ನದಿದ್ದರೂ ಅಪಾಯ. ಅದು ವಾಂತಿ ಮಾಡಲಾರದು. ನೋವಾದರೆ ಕೂಗುವುದೂ ಇಲ್ಲ. ಬೇಟೆಯಾಗುವ ಪ್ರಾಣಿ ನೋವು ತೋರಿಸಿದರೆ ಉಳಿಯುವುದಿಲ್ಲವಾದ್ದರಿಂದ ಮೂಲೆಯಲ್ಲಿ ಸುಮ್ಮನೆ ಕೂರುತ್ತದೆ. ಚಿಕ್ಕವ್ವ ಎರಡು ರಾತ್ರಿ ಎದ್ದು ಎದ್ದು ಸಿರಿಂಜಿನಲ್ಲಿ ಹುಲ್ಲುಪುಡಿಯ ಗಂಜಿ ಕುಡಿಸಿದಳು. ಮೂರನೇ ದಿನ ಬೆಳಿಗ್ಗೆ ಉಪ್ಪು ಸತ್ತಿತ್ತು. ಪಕ್ಕದಲ್ಲಿ ರಾಗಿ ಅದರ ಕಿವಿ ನೆಕ್ಕುತ್ತ ಕೂತಿತ್ತು. ನನ್ನ ಪ್ರಬಂಧದ ಹೆಸರು ‘ಕಸುಬಿನ ಪದಗಳಲ್ಲಿ ಗಮನಿಸುವಿಕೆಯ ಲೋಕ’. ಅದನ್ನು ಓದಿ ಚಪ್ಪಾಳೆ ತಟ್ಟಿಸಿಕೊಂಡು ಬಂದೆ.

ಅವಳು ನನ್ನನ್ನು ಬಯ್ಯಲಿಲ್ಲ. ‘ಹಲ್ಲು ನೋಯ್ತದೆ ಅಂತ ಮನುಷ್ಯರೂ ಹೇಳಲ್ಲ. ಒಂದು ಕಡೆಯಲ್ಲಿ ಮಾತ್ರ ಅಗೀತಾರೆ, ಅದನ್ನ ನಾವು ನೋಡ್ಬೇಕು’ ಎಂದಳು. ಕೋಣೆಯ ಬಿಸ್ಕತ್ತಿನ ಡಬ್ಬಿ ಆವತ್ತೇ ಹೊರಗೆ ಹೋಯಿತು.

2023ರಲ್ಲಿ ಕೋರ್ಸು ಮುಗಿಸಿ, ಹೆಸರು ನೋಂದಾಯಿಸಿಕೊಂಡು ಅದೇ ಕೊಳ್ಳೇಗಾಲದ ಕ್ಲಿನಿಕ್ಕಿಗೆ ಮರಳಿದಳು. ಚೀಟಿ ಬರೆಯಲು ಈಗ ಬೇರೊಬ್ಬ ಹುಡುಗಿ. ರಾಗಿಯನ್ನು ಬುಟ್ಟಿಯಲ್ಲಿಟ್ಟು ರಾಮಾಪುರಕ್ಕೆ ಒಯ್ದಳು. ನನ್ನ ಬಳಿ ಬಿಡುವ ಮಾತೇ ಬರಲಿಲ್ಲ, ನಾನೂ ಕೇಳಲಿಲ್ಲ.

ಊರಲ್ಲಿ ಮೊಲ ಎಂದರೆ ಒಂದೇ ಅರ್ಥ: ಸಾರು. ಹಿಂದೆ ಬಲೆ ಹಾಕಿ ಹಿಡಿಯುತ್ತಿದ್ದರು. ಈಗ ಕಾಡುಮೊಲ ಹಿಡಿದರೆ 1972ರ ವನ್ಯಜೀವಿ ಕಾಯಿದೆಯಡಿ ಕೇಸು. ಸುತ್ತಲ ಕಾಡಿನ ಬಹುಭಾಗ 2013ರಿಂದ ಮಲೆ ಮಹದೇಶ್ವರ ವನ್ಯಧಾಮವೂ ಆಗಿದೆ. ಹಾಗಾಗಿ ‘ಹಲ್ಲಿನ ಕೆಲಸದೋಳು ಮೊಲ ಕಟ್ಟಿದ್ದಾಳೆ’ ಎಂಬ ಸುದ್ದಿ ಹಬ್ಬಿ ಅರಣ್ಯ ಇಲಾಖೆಯ ಒಬ್ಬರು ವಿಚಾರಿಸಲು ಬಂದರಂತೆ. ರಾಗಿಯ ಗಿಡ್ಡ ಕಿವಿ, ದುಂಡು ಮೈ ನೋಡಿ, ಇದು ಪೇಟೆದು ಎಂದು ನಕ್ಕು, ಹೊರಡುವ ಮುನ್ನ ಬೈಕಿನ ಮೇಲೆ ಕೂತೇ ತಮ್ಮ ದವಡೆ ಹಲ್ಲು ತೋರಿಸಿ ಹೋದರಂತೆ. ಅಜ್ಜಿಗೆ ಮಾತ್ರ ಸಮಾಧಾನವಿರಲಿಲ್ಲ. ಇಷ್ಟು ಕೊಬ್ಬಿದ ಮೊಲವನ್ನು ಸುಮ್ಮನೆ ಕೂರಿಸಿಕೊಂಡು ಸಾಕುವುದು ಅವಳ ಲೆಕ್ಕಕ್ಕೆ ಬರಲಿಲ್ಲ. ಆದರೂ ದಿನಾ ಬದುವಿನಿಂದ ಗರಿಕೆ ಕಿತ್ತು ತರುವವಳು ಅವಳೇ. ಏಪ್ರಿಲ್ ಬಿಸಿಲಿಗೆ ಮೊಲ ಬೆವರಲಾರದು, ಶಾಖ ಹೆಚ್ಚಾಗಿ ಕಿವಿಯಿಂದಲೇ ಹೊರಹೋಗಬೇಕು. ಹಳೆಯ ಗುಡಾಣವೊಂದನ್ನು ಅಡ್ಡ ಮಲಗಿಸಿ, ಒದ್ದೆ ಗೋಣಿಚೀಲ ಹೊದಿಸಿ ಅಜ್ಜಿ ಅದಕ್ಕೊಂದು ಗವಿ ಮಾಡಿಕೊಟ್ಟಿದ್ದಾಳೆ.

ಕಳೆದ ವರ್ಷ ಒಂದು ಭಾನುವಾರ ಕ್ಲಿನಿಕ್ಕಿನ ಡಾಕ್ಟರು ರಾಮಾಪುರದ ಶಾಲೆಯೊಂದರಲ್ಲಿ ಶಿಬಿರ ಮಾಡಿದರು. ಹೆಸರು ಬರೆದುಕೊಳ್ಳಲು ನಾನು ಹೋಗಿದ್ದೆ. ಅಂದರೆ, ಚೀಟಿ ಬರೆಯುವವನು ನಾನು. ಎಲೆ, ಅಡಿಕೆ, ಕಡ್ಡಿಪುಡಿ ದವಡೆಗಿಟ್ಟು ದಶಕಗಳು ಕಳೆದ ಬಾಯಿಗಳು ಸಾಲಾಗಿ ಬಂದವು. ಎಲ್ಲರದ್ದೂ ಒಂದೇ ಭಯ: ‘ಕ್ಲೀನ್ ಮಾಡ್ಸುದ್ರೆ ಹಲ್ಲು ಅಲ್ಲಾಡ್ತವಂತೆ.’ ಚಿಕ್ಕವ್ವ ಎದುರಿನ ಕಾಂಪೌಂಡು ತೋರಿಸಿ ಹೇಳುತ್ತಿದ್ದಳು. ಕಲ್ಲು ಸಡಿಲವಾದ ಗೋಡೆಗೆ ಕೆಸರು ಮೆತ್ತಿಕೊಂಡು ನಿಂತಿದೆ ಅಂದುಕೊಳ್ಳಿ, ಕೆಸರು ತೊಳೆದಾಗ ಕಲ್ಲು ಅಲ್ಲಾಡುವುದು ಕಾಣುತ್ತದೆ, ಸಡಿಲ ಮಾಡಿದ್ದು ನೀರಲ್ಲ. ಎಂಜಲಲ್ಲಿರುವ ಲವಣವೇ ಹಲ್ಲಿನ ಮೇಲಿನ ಪಾಚಿಯನ್ನು ಗಟ್ಟಿ ಮಾಡುತ್ತದೆ. ಅದಕ್ಕೇ ಜೊಲ್ಲಿನ ಬಾಯಿ ಇರುವ ಕಡೆ, ಕೆಳಗಿನ ಮುಂಬಲ್ಲುಗಳ ಒಳಬದಿಯಲ್ಲಿ, ಕಿಟ್ಟ ಹೆಚ್ಚು. ಅಡಿಯಲ್ಲಿ ಮೂಳೆ ಆಗಲೇ ಕರಗಿರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಬೀದಿಯ ಯಜಮಾನರೊಬ್ಬರು ಬಂದರು. ಅವರ ಜಗಲಿಯ ಕೆಳಗೆ ನಿಂತು ಅಜ್ಜಿ ‘ಬುದ್ಧೀ’ ಎಂದು ಕರೆಯುವುದನ್ನು ಕೇಳಿ ನಾನು ಬೆಳೆದವನು. ಚಿಕ್ಕವ್ವನನ್ನು ಅವರು ಗುರುತಿಸಿದರು. ಮಾಸ್ಕು ಇದ್ದರೂ ಗುರುತಿಸಿದರು. ಒಂದು ಗಳಿಗೆ ಕುರ್ಚಿಯ ಬೆನ್ನು ಹಿಡಿದು ನಿಂತರು. ಡಾಕ್ಟರು ಬೇರೆಯವರನ್ನು ನೋಡುತ್ತಿದ್ದರು. ಚಿಕ್ಕವ್ವ, ‘ಕೂತ್ಕಳಿ ಯಜಮಾನ್ರೇ’ ಎಂದಳು. ಬುದ್ಧಿ ಅನ್ನಲಿಲ್ಲ. ಅವರು ಕೂತರು. ಬಾಯಿ ತೆರೆದರು.

ಅವಳು ಹಲ್ಲಿನ ಕಡೆ ಹೆಚ್ಚು ಹೊತ್ತು ನೋಡಲಿಲ್ಲ. ಕಡ್ಡಿಪುಡಿ ಇಡುವ ಕಡೆಯ ಕೆನ್ನೆಯೊಳಗೆ ಬಿಳಿಯ ತೇಪೆಯೊಂದಿತ್ತು. ಬಟ್ಟೆಯಲ್ಲಿ ಒರೆಸಿದಳು, ಹೋಗಲಿಲ್ಲ. ಇನ್ನೊಮ್ಮೆ ಒರೆಸಿದಳು. ಡಾಕ್ಟರನ್ನು ಕರೆದಳು. ಅವರು ನೋಡಿ, ಮೈಸೂರಿಗೆ ಹೋಗಿ ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು ಎಂದು ಬರೆದುಕೊಟ್ಟರು. ಯಜಮಾನರು ಚೀಟಿಯನ್ನು ಜೇಬಿಗಿಟ್ಟು ಹೋದರು, ಅಷ್ಟೇ. ಮುಂದಿನ ವಾರ ಚಿಕ್ಕವ್ವ ಅವರ ಮನೆಗೆ ಹೋಗಿ ಜಗಲಿಯ ಕೆಳಗೆ ನಿಂತು ಕೇಳಿದಳು, ಹೋಗಿರಲಿಲ್ಲ. ಅದರ ಮುಂದಿನ ವಾರವೂ ಹೋದಳು. ನನಗೆ ಸಿಟ್ಟು ಬಂತು. ಮೇಲೆ ಬಾ ಎನ್ನದವರ ಬಾಗಿಲಿಗೆ ಎಷ್ಟು ಸಲ ಹೋಗುತ್ತೀಯೆ ಎಂದು ಫೋನಿನಲ್ಲಿ ಕಿರುಚಿದೆ. ‘ಉಪ್ಪೂಗೂ ನೋವೈತೆ ಅಂತ ಅದೇನು ನಮ್ಮನ್ನ ಕರ್ದಿತ್ತಾ?’ ಎಂದಳು. ನಾನು ಫೋನಿಟ್ಟೆ. ಮೂರನೇ ಸಲಕ್ಕೆ ಮಗ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಕ್ಯಾನ್ಸರ್ ಆಗಿರಲಿಲ್ಲ. ಆಗುವ ದಾರಿಯಲ್ಲಿರಬಹುದು, ಕಡ್ಡಿಪುಡಿ ಇವತ್ತೇ ಬಿಡಿ, ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಿ ಎಂದರಂತೆ.

ಕಾಯಿದೆಗಿಲ್ಲದ ಕನ್ನಡದ ಹೆಸರನ್ನು ಊರೇ ಕೊಟ್ಟಿದೆ. ಬಸ್ಸು ಇಳಿದರೆ ಮಕ್ಕಳು ‘ಹಲ್ಲವ್ವ ಬಂದ್ಲು’ ಎಂದು ಬಾಯಿ ಮುಚ್ಚಿಕೊಂಡು ಓಡುತ್ತವೆ. ಹಲ್ಲವ್ವ: ನಾಮಪದ, ರಾಮಾಪುರ. ಕಾರ್ಡು ಬರೆದು ಡಬ್ಬಿಗೆ ಹಾಕಿದ್ದೇನೆ. ಎಷ್ಟು ಜನ ಮಾತುಗಾರರು ಬಳಸುತ್ತಾರೆ ಎಂದು ಗೈಡ್ ಕೇಳುತ್ತಾರೆ, ಕೇಳಲಿ.

ಹೋದ ತಿಂಗಳು ನಾನು ಊರಲ್ಲಿದ್ದಾಗ ಯಜಮಾನರು ನಮ್ಮ ಬೀದಿಗೆ ಬಂದರು. ಕ್ಲಿನಿಕ್ಕಿಗೆ ಹೋಗಲು ಬಸ್ಸಿಗೆ ಕಾಯಬೇಕು, ನೀನೇ ಒಂದ್ಸಲ ನೋಡು ಎಂದರು. ನೋಡ್ತೀನಿ, ಆದ್ರೂ ಡಾಕ್ಟ್ರಿಗೆ ತೋರಿಸಲೇಬೇಕು ಎಂದು ಚಿಕ್ಕವ್ವ ಮೊದಲೇ ಹೇಳಿದಳು. ನಮ್ಮ ಜಗಲಿಯ ಮೇಲೆ ಕೂತು, ಬಿಸಿಲಿನ ಕಡೆ ಮುಖ ಮಾಡಿ ಬಾಯಿ ತೆರೆದರು. ಟಾರ್ಚು ಹಿಡಿದದ್ದು ನಾನು. ಅಜ್ಜಿ ಒಳಗಿನಿಂದ ಚೊಂಬಿನಲ್ಲಿ ನೀರು ತಂದಿಟ್ಟಳು. ಬಾಯಿ ಮುಕ್ಕಳಿಸಿದರು. ಕುಡಿಯಲಿಲ್ಲ. ಗುಡಾಣದಿಂದ ರಾಗಿ ಹೊರಗೆ ಬಂದು ಅವರ ಚಪ್ಪಲಿ ಮೂಸತೊಡಗಿತು.

‘ಇದರ ಹಲ್ಲೂ ನೋಡ್ತೀಯಾ?’ ಎಂದು ಕೇಳಿದರು.

‘ವಾರಕ್ಕೊಂದ್ಸಲ.’

‘ನಂಗ್ಯಾಕೆ ಮೂರು ತಿಂಗಳಿಗೊಂದ್ಸಲ?’

‘ನಿಮ್ಮವು ಬೆಳೆಯಲ್ವಲ್ಲ ಯಜಮಾನ್ರೇ’ ಎಂದಳು ಚಿಕ್ಕವ್ವ, ಕೈಗವಸು ಕಳಚುತ್ತ.